ಮೊದಲು ಹೊಗೆ, ಆಮೇಲೆ ಬೆಂಕಿ

ವಾರಕ್ಕೊಬ್ಬರಾದರೂ ಕೇಳುವ ಪ್ರಶ್ನೆ ಇದು: "ಗೇಮ್ ಎಂಜಿನ್‌ನಲ್ಲಿ ರಿಯಲ್‌ಟೈಮ್ ಬೆಂಕಿ, ಹೊಗೆ ಸಿಮ್ಯುಲೇಶನ್ ಕಲೀಬೇಕು. ಎಲ್ಲಿಂದ ಶುರು ಮಾಡಲಿ?" ಅದರ ಬೆನ್ನಿಗೇ, ಸ್ವಲ್ಪ ಅಳುಕುತ್ತಾ, ಇನ್ನೊಂದು: "ಗಣಿತ ತುಂಬಾ ಬೇಕಾ?" (ಗೇಮ್ ಎಂಜಿನ್ ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್. ರಿಯಲ್‌ಟೈಮ್ ಸಿಮ್ಯುಲೇಶನ್ ಅಂದರೆ ಆಟ ನಡೆಯುತ್ತಿರುವಾಗಲೇ ಲೆಕ್ಕ ಹಾಕಿ ತೋರಿಸುವುದು.) ಪ್ರತಿ ಸಲ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ.

ಬೆಂಕಿಯಿಂದ ಶುರು ಮಾಡಬೇಡಿ. ಹೊಗೆಯಿಂದ ಶುರು ಮಾಡಿ. ಅದೂ ಚಪ್ಪಟೆಯಾದ, ಕಪ್ಪು ಬಿಳುಪಿನ, ನೋಡಲು ಏನೂ ಚಂದವಿಲ್ಲದ 2ಡಿ ಹೊಗೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅನ್ನುವ ಗಾದೆ ಈ ಕೆಲಸದಲ್ಲಿ ತಿರುವುಮುರುವು. ಇಲ್ಲಿ ಹೊಗೆ ಸರಿಯಾಗಿ ಆಡದಿದ್ದರೆ ಬೆಂಕಿ ಹತ್ತುವುದೇ ಇಲ್ಲ.

ನಾನು ಮಾಡಿದ್ದು ಮಾತ್ರ ಉಲ್ಟಾ. ಅನ್‌ರಿಯಲ್ ಎಂಜಿನ್‌ನಲ್ಲಿ ನಯಾಗರ ಫ್ಲೂಯಿಡ್ಸ್ ಅನ್ನುವ ಪ್ಲಗಿನ್ ಇದೆ. ಆನ್ ಮಾಡಿದರೆ ಸಿದ್ಧ ಟೆಂಪ್ಲೇಟ್‌ಗಳು ಸಿಗುತ್ತವೆ, ಒಂದನ್ನು ಸೀನ್‌ಗೆ ಎಳೆದು ಹಾಕಿದರೆ ಸಾಕು, ಬೆಂಕಿ ಧಗಧಗ ಉರಿಯುತ್ತದೆ, ಮೊದಲ ಹತ್ತು ನಿಮಿಷ ಅದನ್ನು ನಾನೇ ಮಾಡಿದೆನೇನೋ ಅನ್ನುವಷ್ಟು ಖುಷಿ. ಆಮೇಲೆ ಜ್ವಾಲೆ ಸ್ವಲ್ಪ ಎತ್ತರ ಇರಲಿ ಅಂತ ಒಂದು ಸ್ಲೈಡರ್ ಎಳೆದೆ, ಹೊಗೆ ಮಾಯವಾಯಿತು. ಹೊಗೆ ವಾಪಸ್ ಬರಲಿ ಅಂತ ಇನ್ನೊಂದನ್ನು ಎಳೆದೆ, ಜ್ವಾಲೆ ಅಣಬೆಯ ಹಾಗೆ ಊದಿಕೊಂಡಿತು. ಮೂರು ವಾರ ಹೀಗೇ ಹೋಯಿತು. ಟೆಂಪ್ಲೇಟ್ ಕೆಟ್ಟದ್ದಲ್ಲ. ಅದರೊಳಗೆ ಏನು ನಡೆಯುತ್ತಿದೆ ಅನ್ನುವುದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಒಳಗೆ ನಡೆಯುವುದು ಹೀಗೆ. ಗಾಳಿ ತುಂಬಿದ ಒಂದು ಪೆಟ್ಟಿಗೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿದ್ದೀರಿ ಅಂದುಕೊಳ್ಳಿ. ಪ್ರತಿ ಚೌಕವೂ, ಅಂದರೆ ಸೆಲ್, ಮೂರು ವಿಷಯ ನೆನಪಿಟ್ಟುಕೊಳ್ಳುತ್ತದೆ: ಇಲ್ಲಿ ಗಾಳಿ ಯಾವ ಕಡೆಗೆ ಎಷ್ಟು ಜೋರಾಗಿ ಹೋಗುತ್ತಿದೆ, ಹೊಗೆ ಎಷ್ಟಿದೆ, ಬಿಸಿ ಎಷ್ಟಿದೆ. ಪ್ರತಿ ಫ್ರೇಮ್‌ನಲ್ಲೂ, ಅಂದರೆ ತೆರೆಯ ಮೇಲೆ ಮೂಡುವ ಪ್ರತಿ ಚಿತ್ರಕ್ಕೂ, ಮೂರು ಕೆಲಸ ಆಗಬೇಕು. ಬಿಸಿ ಇರುವ ಕಡೆ ಗಾಳಿಯನ್ನು ಮೇಲಕ್ಕೆ ತಳ್ಳುವುದು. ಹೊಗೆ, ಬಿಸಿ, ಗಾಳಿಯ ವೇಗ ಮೂರನ್ನೂ ಗಾಳಿ ಹೋದತ್ತ ಸಾಗಿಸುವುದು, ಇದೇ ಅಡ್ವೆಕ್ಷನ್. ಕೊನೆಗೆ, ಒಂದು ಸೆಲ್‌ಗೆ ಎಷ್ಟು ಗಾಳಿ ಬಂತೋ ಅಷ್ಟೇ ಆಚೆ ಹೋಗುವಂತೆ ಒತ್ತಡದ ಲೆಕ್ಕ ಹಾಕಿ ವೇಗಗಳನ್ನು ತಿದ್ದುವುದು. ಇದು ಪ್ರೆಶರ್ ಪ್ರೊಜೆಕ್ಷನ್. ಹೊಗೆ ಸುರುಳಿ ಸುತ್ತುವುದು ಈ ಮೂರನೆಯದರಿಂದ. ನಂಬಿಕೆ ಬರದಿದ್ದರೆ ಕೋಡ್‌ನಲ್ಲಿ ಈ ಕೆಲಸವನ್ನಷ್ಟೇ ಆಫ್ ಮಾಡಿ ಓಡಿಸಿ ನೋಡಿ, ಸುರುಳಿಗಳೇ ಇಲ್ಲದೆ ಹೊಗೆ ಸುಮ್ನೆ ಮೇಲಕ್ಕೆ ಜಾರಿಹೋಗುತ್ತದೆ.

ಅಡ್ವೆಕ್ಷನ್‌ನಲ್ಲಿ ಒಂದು ಜಾಣತನ ಇದೆ, ನನಗೆ ಈಗಲೂ ಇಷ್ಟ. ಈ ಸೆಲ್‌ನ ಹೊಗೆ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಲು ಹೊರಟರೆ ಎಡವಟ್ಟು ಜಾಸ್ತಿ, ಹೆಜ್ಜೆ (ಒಂದು ಸಲಕ್ಕೆ ಮುಂದಕ್ಕೆ ಹೋಗುವ ಸಮಯ) ಸ್ವಲ್ಪ ದೊಡ್ಡದಾದರೂ ಸಂಖ್ಯೆಗಳು ಬೆಳೆದು ಬೆಳೆದು ಸಿಡಿಯುತ್ತವೆ. ಸಂಶೋಧಕ ಜೋಸ್ ಸ್ಟ್ಯಾಮ್ 1999ರಲ್ಲಿ ಸಿಗ್ರಾಫ್ ಅನ್ನುವ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಪ್ರಶ್ನೆಯನ್ನೇ ಹಿಂದುಮುಂದು ಮಾಡಿದರು. ಈಗ ಈ ಸೆಲ್‌ಗೆ ಬರಬೇಕಾದದ್ದು ಒಂದು ಕ್ಷಣ ಹಿಂದೆ ಎಲ್ಲಿತ್ತು? ವೇಗ ಹಿಡಿದು ಹಿಂದಕ್ಕೆ ಹೋಗಿ, ಅಲ್ಲಿನ ಸುತ್ತಲ ಸೆಲ್‌ಗಳ ಸರಾಸರಿ ತೆಗೆದುಕೊಂಡು ಬನ್ನಿ. ಸರಾಸರಿ ಯಾವತ್ತೂ ಮೊದಲಿದ್ದವುಗಳಲ್ಲಿ ಅತಿ ದೊಡ್ಡದಕ್ಕಿಂತ ದೊಡ್ಡದಾಗುವುದಿಲ್ಲ ಅಲ್ವಾ? ಹಾಗಾಗಿ ಎಷ್ಟು ದೊಡ್ಡ ಹೆಜ್ಜೆ ಇಟ್ಟರೂ ಇದು ಸಿಡಿಯುವುದಿಲ್ಲ. 2003ರಲ್ಲಿ ಅವರೇ ಗೇಮ್ ಮಾಡುವವರಿಗಾಗಿ ಇದನ್ನು ಸುಮಾರು 100 ಸಾಲಿನ ಸಿ ಕೋಡ್‌ಗೆ ಇಳಿಸಿ ತೋರಿಸಿದರು. ನನ್ನ ಉತ್ತರದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಆ 100 ಸಾಲನ್ನು ನಿಮ್ಮ ಕೈಯಾರೆ ಬರೆಯಿರಿ, ಕಾಪಿ ಪೇಸ್ಟ್ ಬೇಡ, ಯಾವ ಭಾಷೆ ಗೊತ್ತೋ ಅದರಲ್ಲೇ ಬರೆಯಿರಿ.

ಇದಕ್ಕೊಂದು ಬೆಲೆಯೂ ಇದೆ. ಪ್ರತಿ ಫ್ರೇಮ್‌ನಲ್ಲೂ ಸರಾಸರಿ ತೆಗೆದರೆ ಚಿತ್ರ ಮಸುಕಾಗುತ್ತಾ ಹೋಗುತ್ತದೆ, ಸಣ್ಣ ಸುರುಳಿಗಳು ಸತ್ತೇ ಹೋಗುತ್ತವೆ. 2001ರಲ್ಲಿ ಫೆಡ್ಕಿವ್, ಸ್ಟ್ಯಾಮ್, ಯೆನ್ಸನ್ ಮೂವರೂ ಸೇರಿ ಹೊಗೆಗೆ ವೋರ್ಟಿಸಿಟಿ ಕನ್‌ಫೈನ್‌ಮೆಂಟ್ ಅನ್ನುವ ಉಪಾಯ ತಂದರು. ಎಲ್ಲಿ ಸುರುಳಿ ಸೊರಗುತ್ತಿದೆಯೋ ಅಲ್ಲಿ ಅದನ್ನು ಮತ್ತೆ ತಿರುಗಿಸುವಂತೆ ಸ್ವಲ್ಪ ನೂಕುವುದು. ಟೆಂಪ್ಲೇಟ್‌ಗಳಲ್ಲಿ ವೋರ್ಟಿಸಿಟಿ ಅನ್ನುವ ಸ್ಲೈಡರ್ ಕಾಣುತ್ತದಲ್ಲ, ಅದು ಈ ಸಂತತಿಯದ್ದು. ಮೂರು ವಾರ ಎಳೆದಾಡಿದ ಸ್ಲೈಡರ್‌ನ ಅರ್ಥ ಇದು ತಿಳಿದ ಮೇಲೆ ನನಗೆ ಐದು ನಿಮಿಷದಲ್ಲಿ ಆಯಿತು. ಜಾಸ್ತಿ ಏರಿಸಬೇಡಿ, ಹೊಗೆ ಹುಳಗಳ ಗುಂಪಿನಂತೆ ಗಿಜಿಗುಡುತ್ತದೆ.

ಇಷ್ಟಾದ ಮೇಲೆ ಬೆಂಕಿಗೆ ಬನ್ನಿ. ಜ್ವಾಲೆಯ ಹಳದಿ ಬಣ್ಣ ಎಲ್ಲಿಂದ ಬರುತ್ತದೆ? ಬಹುಪಾಲು ಮಸಿಯ ಕಣಗಳಿಂದ. ಅವು ಕಾದು ಹೊಳೆಯುತ್ತವೆ. 1000 ಕೆಲ್ವಿನ್ ಆಸುಪಾಸಿನಲ್ಲಿ ಮಂದ ಕೆಂಪು, ಏರುತ್ತಾ ಹೋದಂತೆ ಕಿತ್ತಳೆ, ಹಳದಿ. ಅದೇ ಮಸಿ ತಣ್ಣಗಾಗಿ ಹೊಳಪು ಕಳೆದುಕೊಂಡರೆ ಕಪ್ಪು ಹೊಗೆ. ಹಾಗಾಗಿ ಸಿಮ್ಯುಲೇಶನ್‌ನಲ್ಲೂ ಬೆಂಕಿ ಬೇರೆ, ಹೊಗೆ ಬೇರೆ ಅಂತ ಎರಡು ವಸ್ತು ಇಟ್ಟುಕೊಳ್ಳುವ ಅಗತ್ಯವಿಲ್ಲ. ನೀವು ಮಾಡಿದ ಹೊಗೆಯಲ್ಲೇ ಬಿಸಿ ಸೆಲ್‌ಗಳಿಗೆ ಉಷ್ಣತೆ ನೋಡಿ ಬಣ್ಣ ಕೊಟ್ಟರೆ ಅರ್ಧ ಬೆಂಕಿ ಬಂದ ಹಾಗೆ. (ಜ್ವಾಲೆಯ ಬುಡದ ನೀಲಿ ಮಸಿಯದ್ದಲ್ಲ, ಉರಿಯುತ್ತಿರುವ ಅನಿಲದ್ದು. ಅದನ್ನು ಬಹಳ ಜನ ಕೈಯಿಂದಲೇ ಬಳಿಯುತ್ತಾರೆ, ನಾಚಿಕೆ ಬೇಡ.)

ಉಳಿದರ್ಧ ಇಂಧನದ್ದು. ಇನ್ನೊಂದು ಸಂಖ್ಯೆ ಸೇರಿಸಿ, ಅದು ಉರಿದಷ್ಟೂ ಬಿಸಿಯನ್ನೂ ಹೊಗೆಯನ್ನೂ ಹುಟ್ಟಿಸಲಿ. ಮಜಾ ಏನಂದರೆ, ಉರಿಯುವ ಗಾಳಿ ಹಿಗ್ಗುತ್ತದೆ. ಅಂದರೆ ಬಂದಷ್ಟೇ ಹೋಗಬೇಕು ಅಂತ ಅಷ್ಟು ಕಷ್ಟಪಟ್ಟು ಪಾಲಿಸಿದ ನಿಯಮವನ್ನು ಉರಿಯುತ್ತಿರುವ ಸೆಲ್‌ಗಳಲ್ಲಿ ಬೇಕೆಂದೇ ಮುರಿಯಬೇಕು, ಬಂದದ್ದಕ್ಕಿಂತ ಜಾಸ್ತಿ ಹೊರಗೆ ಹೋಗಲಿ ಅಂತ ಬಿಡಬೇಕು. ಸ್ಫೋಟದ ಆ ಉಬ್ಬು ಬರುವುದು ಹೀಗೆ. ನನ್ನ ಅಣಬೆ ಊದಿಕೊಂಡದ್ದೂ ಹೀಗೆಯೇ. ನಿಯಮವೇ ಗೊತ್ತಿಲ್ಲದವನಿಗೆ ಅದನ್ನು ಎಷ್ಟು ಮುರಿಯಬೇಕು ಅನ್ನುವುದು ಹೇಗೆ ತಿಳಿಯಬೇಕು?

3ಡಿಗೆ ಹೋಗುವ ಮೊದಲು ಸ್ವಲ್ಪ ಕೂಡಿ ಕಳೆಯಿರಿ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದರೆ ಒಂದು ಫ್ರೇಮ್‌ಗೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ, ಅದರಲ್ಲಿ ಗೇಮ್‌ನ ಉಳಿದೆಲ್ಲವೂ ಆಗಬೇಕು. ಪೆಟ್ಟಿಗೆಯ ಒಂದೊಂದು ಬದಿಗೆ 128 ಸೆಲ್ ಇಟ್ಟರೆ ಒಟ್ಟು ಸುಮಾರು 21 ಲಕ್ಷ ಸೆಲ್. "ಸ್ವಲ್ಪ ಶಾರ್ಪ್ ಆಗಿರಲಿ" ಅಂತ 256 ಮಾಡಿದರೆ ಎರಡು ಪಟ್ಟಲ್ಲ, ಎಂಟು ಪಟ್ಟು: 1 ಕೋಟಿ 67 ಲಕ್ಷಕ್ಕೂ ಜಾಸ್ತಿ. ಒತ್ತಡದ ಲೆಕ್ಕಕ್ಕೆ ಇವುಗಳ ಮೇಲೆ ಪ್ರತಿ ಫ್ರೇಮ್‌ನಲ್ಲೂ ಹತ್ತಾರು ಸಲ ಓಡಾಡಬೇಕು, ಆಮೇಲೆ ತೆರೆಯ ಮೇಲೆ ತೋರಿಸಲು ಪ್ರತಿ ಪಿಕ್ಸೆಲ್‌ನಿಂದ ಹೊಗೆಯೊಳಗೆ ಹೆಜ್ಜೆ ಹೆಜ್ಜೆಯಾಗಿ ನುಗ್ಗಿ ಬೆಳಕು ಎಷ್ಟು ಉಳಿಯಿತು ಅಂತ ನೋಡುವ ರೇ ಮಾರ್ಚಿಂಗ್ ಬೇರೆ. ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುವುದು ಅಲ್ಲೇ.

ಅದಕ್ಕೇ ಒಂದು ಕಹಿ ಸತ್ಯ ಹೇಳಿಬಿಡುತ್ತೇನೆ. ಗೇಮ್‌ಗಳಲ್ಲಿ ನೀವು ನೋಡಿದ ಬೆಂಕಿಯಲ್ಲಿ ಬಹಳಷ್ಟು ಸಿಮ್ಯುಲೇಶನ್ ಅಲ್ಲವೇ ಅಲ್ಲ. ಹೂಡಿನಿ, ಎಂಬರ್‌ಜೆನ್ ಥರದ ಸಾಫ್ಟ್‌ವೇರ್‌ನಲ್ಲಿ ಮೊದಲೇ ಮಾಡಿಟ್ಟು, 8 ಸಾಲು 8 ಕಂಬದಲ್ಲಿ 64 ಚಿತ್ರಗಳನ್ನು ಒಂದೇ ಟೆಕ್ಸ್ಚರ್‌ನಲ್ಲಿ, ಅಂದರೆ ಒಂದೇ ದೊಡ್ಡ ಚಿತ್ರದಲ್ಲಿ ಜೋಡಿಸಿ, ಅವನ್ನು ಒಂದಾದ ಮೇಲೊಂದು ತೋರಿಸುವ ಫ್ಲಿಪ್‌ಬುಕ್. ಇದು ಮೋಸ ಅಲ್ಲ, ಲೆಕ್ಕಾಚಾರ. ದೂರದಲ್ಲಿ ಉರಿಯುವ ಕಟ್ಟಡಕ್ಕೆ ಫ್ಲಿಪ್‌ಬುಕ್ ಧಾರಾಳ ಸಾಕು. ಆಟಗಾರ ಕೈ ಬೀಸಿದರೆ ಹೊಗೆ ಸರಿಯಬೇಕು, ಬಾಗಿಲು ತೆರೆದರೆ ಬೆಂಕಿ ನುಗ್ಗಬೇಕು ಅನ್ನುವ ಕಡೆ ಮಾತ್ರ ನಿಜವಾದ ಗ್ರಿಡ್, ಅಂದರೆ ಸೆಲ್‌ಗಳ ಸಿಮ್ಯುಲೇಶನ್, ಓಡಿಸಿ. ಕೆಲಸ ಹುಡುಕುವ ಆಸೆ ಇದ್ದರೆ ಎರಡನ್ನೂ ಕಲಿಯಿರಿ, ಫ್ಲಿಪ್‌ಬುಕ್‌ಗೇ ಜಾಸ್ತಿ ಬೇಡಿಕೆ.

ಯಾವ ಎಂಜಿನ್? ನಿಮಗೆ ಗೊತ್ತಿರುವುದು. ಅನ್‌ರಿಯಲ್ ಆದರೆ ಸಿದ್ಧ ಸಾಮಾನು ಜಾಸ್ತಿ, ಯೂನಿಟಿ ಅಥವಾ ಗೊಡಾಟ್ ಆದರೆ ಕಂಪ್ಯೂಟ್ ಶೇಡರ್ (ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಲೆಕ್ಕದ ಕೋಡ್) ನೀವೇ ಬರೆಯುವ ಕಡೆ ವಾಲಬೇಕಾಗುತ್ತದೆ. ಇದರ ಬಗ್ಗೆ ಜಗಳ ಆಡುವಷ್ಟು ಸಮಯ ನನಗಿಲ್ಲ.

ಗಣಿತ? ಇದರ ಹಿಂದಿರುವುದು ಗಾಳಿ, ನೀರು ಹೇಗೆ ಹರಿಯುತ್ತವೆ ಅಂತ ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳು. ಮೂರು ಆಯಾಮದಲ್ಲಿ ಅವಕ್ಕೆ ಯಾವಾಗಲೂ ನಯವಾದ ಉತ್ತರ ಇದ್ದೇ ಇರುತ್ತದೋ ಇಲ್ಲವೋ ಅಂತ ಬಗೆಹರಿಸಿದವರಿಗೆ ಕ್ಲೇ ಗಣಿತ ಸಂಸ್ಥೆ 2000ದಲ್ಲೇ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದೆ. ನಮಗೆ ಆ ಬಹುಮಾನ ಬೇಡ. ವೆಕ್ಟರ್ ಅಂದರೇನು, ಅಕ್ಕಪಕ್ಕದ ಎರಡು ಸೆಲ್‌ಗಳ ವ್ಯತ್ಯಾಸದಿಂದ ಇಳಿಜಾರು ಹೇಗೆ ಸಿಗುತ್ತದೆ, ಇಷ್ಟು ಗೊತ್ತಿದ್ದರೆ ಶುರು ಮಾಡಬಹುದು. ನನ್ನನ್ನು ಬೀಳಿಸಿದ್ದು ಸಮೀಕರಣ ಅಲ್ಲ, ಒಂದು ಸಾದಾ ಗುಣಾಕಾರ. ಹೊಗೆ ಕರಗಲಿ ಅಂತ ಪ್ರತಿ ಫ್ರೇಮ್‌ನಲ್ಲೂ 0.98ರಿಂದ ಗುಣಿಸುತ್ತಿದ್ದೆ. ನನ್ನ ಕಂಪ್ಯೂಟರ್‌ನಲ್ಲಿ, 60 ಫ್ರೇಮ್‌ಗೆ, ಒಂದು ಸೆಕೆಂಡಿನಲ್ಲಿ ಶೇ. 30ರಷ್ಟು ಹೊಗೆ ಉಳಿಯುತ್ತಿತ್ತು. ಗೆಳೆಯನ ಹಳೇ ಲ್ಯಾಪ್‌ಟಾಪ್‌ನಲ್ಲಿ 30 ಫ್ರೇಮ್, ಹಾಗಾಗಿ ಶೇ. 55ರಷ್ಟು ಉಳಿದು ಇಡೀ ಕೋಣೆ ಮಬ್ಬು. ಕರಗುವ ಪ್ರಮಾಣವನ್ನು ಫ್ರೇಮ್‌ಗೆ ಕಟ್ಟದೆ ಕಳೆದ ಸಮಯಕ್ಕೆ ಕಟ್ಟಬೇಕು ಅನ್ನುವುದು ಹೊಳೆಯಲು ಎರಡು ದಿನ ಬೇಕಾಯಿತು.

ಸರಿ, 100 ಸಾಲು ಬರೆಯಲು ಕೂರಿ. ಮೊದಲ ದಿನ ಹೊಗೆ ಪೆಟ್ಟಿಗೆಯ ಗೋಡೆಯೊಳಗೇ ನುಗ್ಗಿ ಕಾಣೆಯಾದರೆ ಗಾಬರಿ ಬೇಡ. ಗಡಿಯ ಸೆಲ್‌ಗಳಲ್ಲಿ ವೇಗದ ಚಿಹ್ನೆ ತಿರುಗಿಸುವುದನ್ನು ಮರೆತಿರುತ್ತೀರಿ. ನಾನೂ ಮರೆತಿದ್ದೆ.