ಕೇಳ್ಲಿಕ್ಕೆ ಆಗುವಂಥದ್ದು ಯಾವುದುಂಟು?

ಆಫೀಸಿನಲ್ಲಿ, ಬಸ್‌ಸ್ಟಾಪಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ನನಗೆ ಈ ಪ್ರಶ್ನೆ ಬಿದ್ದಿದೆ: "ನೀವು ರಾಕು, ಮೆಟಲ್ಲು ಅಂತ ಕೇಳ್ತೀರಲ್ಲ, ಹೊಸ ಸಿಂಗಲ್ ಎಂಥ ಬಂದುಂಟು, ಕೇಳ್ಲಿಕ್ಕೆ ಆಗುವಂಥದ್ದು?"

ಸಿಂಗಲ್ ಅಂದರೆ ಬಿಡಿಯಾಗಿ ಬಿಡುವ ಹಾಡು, ಅದಿರಲಿ. ಆ ಪ್ರಶ್ನೆಯ ಕೊನೆಯ ಮಾತು ನೋಡಿ. 'ಕೇಳುವಂಥದ್ದು' ಅಂದರೆ ಬೇರೆ, 'ಕೇಳ್ಲಿಕ್ಕೆ ಆಗುವಂಥದ್ದು' ಅಂದರೆ ಬೇರೆ. ಮೀನು ಮಾರ್ಕೆಟಿಗೆ ಹೋಗಿ "ಒಳ್ಳೆ ಬಂಗುಡೆ ಉಂಟಾ" ಅಂತ ಕೇಳುವುದಕ್ಕೂ "ವಾಸನೆ ಬಾರದ ಮೀನು ಉಂಟಾ" ಅಂತ ಕೇಳುವುದಕ್ಕೂ ಇರುವಷ್ಟು ದೂರ. ಎರಡನೆಯದನ್ನು ಕೇಳಿದವರಿಗೆ ಮೀನಿನ ಹೆಂಗಸು ಏನು ಹೇಳಿಯಾಳೆಂದು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನನಗೆ ಅಷ್ಟು ಬಾಯಿ ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದರ ಲಿಂಕ್ ಹೋಗುತ್ತದೆ. ಬೇಜಾರಾದರೆ ಆಗಲಿ.

ಕಳೆದ ಸಲ ಮರ್ಯಾದೆಯಿಂದ ಉತ್ತರಿಸಲು ಹೋಗಿ ಏನಾಯಿತೆಂದು ಮೊದಲು ಹೇಳುತ್ತೇನೆ.

2025ರ ಮೇ ತಿಂಗಳು, ಮೂಲ್ಕಿ ಹತ್ತಿರ ನಮ್ಮ ಸಂಬಂಧದಲ್ಲೇ ಒಂದು ಮೆಹಂದಿ. ಅಂಗಳದಲ್ಲಿ ಶಾಮಿಯಾನ, ತೆಂಗಿನ ಮರಗಳಿಗೆ ಸುತ್ತಿದ ಸೀರಿಯಲ್ ಲೈಟು, ಒಂದು ಮೂಲೆಯಲ್ಲಿ ಕೋರಿ ರೊಟ್ಟಿ, ಇನ್ನೊಂದು ಮೂಲೆಯಲ್ಲಿ ಡೀಜೆ. ಸುಕ್ಕದ ಕೋಳಿ ಮೆಲ್ಲುತ್ತಿದ್ದ ಚಿಕ್ಕಪ್ಪ ಎಲ್ಲರಿಗೂ ಕೇಳುವ ಹಾಗೆ ಕೂಗಿದರು, "ಏ, ಇವನ ಹತ್ತಿರ ಹೊಸ ಹಾಡೆಲ್ಲ ಉಂಟು. ಒಂದು ಹಾಕು ಮಾರಾಯಾ, ಕೇಳ್ಲಿಕ್ಕೆ ಆಗುವಂಥದ್ದು." ಡೀಜೆ ಹುಡುಗ ವಯರ್ ಚಾಚಿದ. ನಾನು ಜಾಣತನ ಮಾಡಿದೆ: ನಮ್ಮ ದೇಶದ್ದೇ ಇರಲಿ ಅಂತ ಬ್ಲಡಿವುಡ್ ಆರಿಸಿದೆ. ದಿಲ್ಲಿಯ ಹುಡುಗರು. ಗಿಟಾರಿನ ಜೊತೆ ಢೋಲು, ಕೊಳಲು ಎಲ್ಲ ಇಟ್ಟುಕೊಂಡವರು. 2019ರಲ್ಲೇ ಜರ್ಮನಿಯ ವಾಕನ್ ಉತ್ಸವದಲ್ಲಿ ಆಡಿ ಬಂದವರು. 2025ರಲ್ಲಿ ಅವರು ಜಪಾನಿನ ಬೇಬಿಮೆಟಲ್ ಜೊತೆ ಸೇರಿ 'ಬೇಖೌಫ್', ಅಂದರೆ ಹೆದರಿಕೆಯಿಲ್ಲದ್ದು, ಅಂತ ಒಂದು ಸಿಂಗಲ್ ಬಿಟ್ಟಿದ್ದರು. ಹೆಸರು ಕೇಳಿ ಚಿಕ್ಕಪ್ಪ ಹಿಂದಿ ಸಿನಿಮಾದ್ದು ಅಂದುಕೊಂಡು ಟವೆಲ್ ಹೆಗಲಿಗೆ ಹಾಕಿ ಎದ್ದೂ ಬಿಟ್ಟರು.

ಅವರ ಗಾಯಕ ಜಯಂತ್ ಭಡೂಲಾ ಗ್ರೌಲ್, ಅಂದರೆ ಗಂಟಲಾಳದಿಂದ ಗುರುಗುಟ್ಟುವ ದನಿ, ತೆಗೆದ ಕ್ಷಣ ಒಂದು ಮಗು ಕಿರುಚಿತು. ಕೋರಿ ರೊಟ್ಟಿ ಮೂಲೆಯಲ್ಲಿ ಸೌಟು ನಿಂತಿತು. ಡೀಜೆ ಹುಡುಗ ನನ್ನನ್ನು ಕೇಳದೆ ವಯರ್ ಎಳೆದು ತುಳು ಸಿನಿಮಾ ಹಾಡು ಹಾಕಿದ, ಜನ ಬದುಕಿದೆವಪ್ಪ ಅಂತ ಕುಣಿದರು. ಚಿಕ್ಕಪ್ಪ ಮಾತ್ರ ಹೆಗಲಿನ ಟವೆಲ್ ಹಾಗೇ ಇಟ್ಟುಕೊಂಡು ನನ್ನನ್ನು ನೋಡುತ್ತಿದ್ದರು, ಸಾಲ ಕೊಟ್ಟು ಮೋಸ ಹೋದವರು ನೋಡುವ ಹಾಗೆ.

ಮೆಹಂದಿ ಹಾಕಿಸಿಕೊಂಡ ಕೈಗಳನ್ನು ಮಡಿಲಲ್ಲಿ ಒಣಗಲು ಇಟ್ಟು ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಹತ್ತಿರ ಕರೆದರು. "ಪಾಪ, ಆಯಗ್ ದಾದ ಆಂಡ್?" ಅವನಿಗೆ ಏನಾಯಿತು ಅಂತ. ನಾನು ಹೇಳಿದೆ, "ಏನೂ ಆಗ್ಲಿಲ್ಲ ಅಜ್ಜಿ, ಹೆದರಬೇಡ ಅಂತ ಹೇಳುವುದು ಅವನು." ಅಜ್ಜಿ ಸ್ವಲ್ಪ ಯೋಚಿಸಿ, "ಹೆದರಬೇಡ ಅಂತ ಹೀಗೆ ಹೆದರಿಸುವುದಾ?" ಅಂದರು.

ಇಷ್ಟು ವರ್ಷಗಳಲ್ಲಿ ಒಂದು ಮೆಟಲ್ ಹಾಡಿನ ಬಗ್ಗೆ ನನಗೆ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ಹಾಡಿನೊಳಗೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಏನೋ ಆಗಿದೆ ಅಂತ ಅಜ್ಜಿ ಹಿಡಿದಿದ್ದರು. ಉಳಿದವರಿಗೆ ಅದು ಡೀಜೆಯ ಸ್ಪೀಕರ್ ಹಾಳಾದ ಶಬ್ದ.

ಇನ್ನು ನೀವು ಕೇಳಿದ್ದಕ್ಕೆ ಉತ್ತರ. ನಾನು ಕಾಪುವಿನಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುವವ. ನಾನು ಹಾಡು ಕೇಳುವುದು ಅಲ್ಲೇ, ಹಾಗಾಗಿ ನನ್ನ ಅಳತೆಯೆಲ್ಲ ಸ್ಟಾಪಿನ ಲೆಕ್ಕದ್ದು. ಅಮೆರಿಕದ ಬ್ಯಾಂಡು ಡ್ರೀಮ್ ಥಿಯೇಟರಿನ 'ನೈಟ್ ಟೆರರ್' ಹಳೆಯಂಗಡಿಯಲ್ಲಿ ಹಚ್ಚಿದರೆ ಸುರತ್ಕಲ್‌ವರೆಗೆ ಬರುತ್ತದೆ, ಹತ್ತಿರ ಹತ್ತಿರ ಹತ್ತು ನಿಮಿಷ. 2010ರಲ್ಲಿ ಬಿಟ್ಟುಹೋದ ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ 2023ರಲ್ಲಿ ವಾಪಸ್ ಬಂದ ಮೇಲಿನ ಮೊದಲ ಹಾಡು, 2024ರ ಅಕ್ಟೋಬರಿನದ್ದು. ಜಗಳಾಡಿ ಮನೆಬಿಟ್ಟ ಮಗ ಊಟಕ್ಕೆ ಬಂದು ಕೂತ ಹಾಗಿದೆ, ಅಷ್ಟೇ ಹೇಳುತ್ತೇನೆ. ಫ್ರಾನ್ಸಿನ ಗೊಜೀರಾ ಬಗ್ಗೆ ನಾನು ಹೇಳಬೇಕಾಗಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಳೇ ಜೈಲು ಕಟ್ಟಡದ ಕಿಟಕಿಗಳಲ್ಲಿ ನಿಂತು ಅವರು ಬಾರಿಸಿದ್ದನ್ನು ನೀವೇ ಟೀವಿಯಲ್ಲಿ ನೋಡಿ ಮರುದಿನ ನನಗೆ ಹೇಳಿದ್ದೀರಿ. ಆ ಹಾಡಿಗೆ 2025ರಲ್ಲಿ ಗ್ರ್ಯಾಮಿ ಬಂತು. ಅಮೆರಿಕದ ಮೆಗಾಡೆತ್‌ನವರು ಇದೇ ಕೊನೆಯ ಆಲ್ಬಮ್ ಅಂತ ಹೇಳಿ 'ಟಿಪ್ಪಿಂಗ್ ಪಾಯಿಂಟ್' ಬಿಟ್ಟರು. ಕೊನೆ ಅಂತ ಹೇಳಿದವರ ಹಾಡನ್ನು ಯಾರೂ ಕೆಟ್ಟದೆನ್ನುವುದಿಲ್ಲ. ನಾನೂ ಅನ್ನುವುದಿಲ್ಲ. "ನಮ್ಮ ಕರ್ನಾಟಕದ್ದು ಇಲ್ವಾ" ಅನ್ನುವವರಿಗೆ ಬೆಂಗಳೂರಿನ ಬ್ಯಾಂಡು ಕ್ರಿಪ್ಟೋಸ್ ಇದೆ, 1998ರಿಂದ. ಹಾಡುವುದು ಇಂಗ್ಲಿಷಿನಲ್ಲಿ, ಅದಕ್ಕೆ ನನ್ನ ಹತ್ತಿರ ಜಗಳ ಮಾಡಬೇಡಿ.

ನಾನು ಎದೆ ಮುಟ್ಟಿ ಹೇಳುವುದು ಒಂದೇ: ಓಪೆತ್. ಸ್ವೀಡನ್ನಿನವರು. 2024ರ ಆಗಸ್ಟಿನಲ್ಲಿ ಬಂದ ಸಿಂಗಲ್ಲಿಗೆ ಹೆಸರೇ ಇಲ್ಲ, ವಕೀಲರು ದಸ್ತಾವೇಜಿನಲ್ಲಿ ಹಾಕುವ ಪ್ಯಾರಾ ಗುರುತು (§), ಮುಂದೆ ಒಂದು ಅಂತ ನಂಬರು. ಅವರ ಗಾಯಕ ಮಿಕೇಲ್ ಓಕರ್‌ಫೆಲ್ಟ್ 2008ರ ಆಲ್ಬಮ್ ಆದ ಮೇಲೆ ಹೊಸ ಹಾಡುಗಳಲ್ಲಿ ಗ್ರೌಲ್ ಮಾಡುವುದನ್ನೇ ಬಿಟ್ಟಿದ್ದ. ಇದರಲ್ಲಿ ತಿರುಗಿ ಮಾಡಿದ. ಅಭಿಮಾನಿಗಳು ಹದಿನಾರು ವರ್ಷ ಕಾದದ್ದು ಅದಕ್ಕೆ. ನಾನು ಮಾತ್ರ ಅದಕ್ಕಲ್ಲ, ಕಥೆಗೆ ಬಿದ್ದವ. ಇಡೀ ಆಲ್ಬಮ್ ಒಂದು ಉಯಿಲು. ಮೊದಲ ಮಹಾಯುದ್ಧ ಮುಗಿದ ಕಾಲ, ದೊಡ್ಡ ಮನೆಯ ಯಜಮಾನ ಸತ್ತಿದ್ದಾನೆ, ಮಕ್ಕಳ ಎದುರು ಉಯಿಲು ಓದುತ್ತಾರೆ, ಒಂದೊಂದು ಪ್ಯಾರಾ ಒಂದೊಂದು ಹಾಡು.

ಆಸ್ತಿ ಪಾಲಿನ ಕೇಸಿಲ್ಲದ ಮನೆ ಈ ಜಿಲ್ಲೆಯಲ್ಲಿ ಎಷ್ಟಿದೆ? ಮೆಹಂದಿಯ ಅವಮಾನ ಕಳೆದು ಒಂದು ತಿಂಗಳಾದ ಮೇಲೆ ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಹಾಡು ಕೇಳಿಸಲಿಲ್ಲ, ಕಥೆ ಮಾತ್ರ. ಕುರ್ಚಿ ಹತ್ತಿರ ಎಳೆದರು.

"ಮಕ್ಕಳೆಷ್ಟು?"

"ಅವಳಿ ಇಬ್ಬರು. ಮತ್ತೊಬ್ಬಳು ಹುಡುಗಿ, ಕೆಲಸದವಳ ಮಗಳು. ಅವಳಿಗೆ ಪೋಲಿಯೊ."

"ದೊಡ್ಡವರಿಗೆ ಎಷ್ಟು ಬಂತು?"

"ಏನೂ ಇಲ್ಲ ಚಿಕ್ಕಪ್ಪ. ಎಲ್ಲ ಆ ಹುಡುಗಿಗೆ."

"ಎಲ್ಲ?" ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು. "ರಿಜಿಸ್ಟರ್ ಆಗಿತ್ತಾ ಉಯಿಲು?"

ಅದು ಹಾಡಿನಲ್ಲಿಲ್ಲ ಅಂದೆ. ಕೊನೆಯ ಹಾಡಿನಲ್ಲಿ ಒಂದು ಕಾಗದ ಬರುತ್ತದೆ, ಆ ಹುಡುಗಿ ಅವನ ಮಗಳೇ ಅಲ್ಲ ಅಂತ ಗೊತ್ತಾಗುತ್ತದೆ ಅಂದಾಗ ಅವರು ತೊಡೆ ತಟ್ಟಿದರು. "ಸ್ಟೇ ತರಬೇಕಿತ್ತು!" ಈಗ ಸಿಕ್ಕಾಗೆಲ್ಲ "ಆ ಸ್ವೀಡನ್ ಕೇಸ್ ಎಂಥಾಯ್ತು" ಅನ್ನುತ್ತಾರೆ. ಹಾಡು ಇವತ್ತಿನವರೆಗೆ ಕೇಳಿಲ್ಲ. ಒಮ್ಮೆ ಹುರುಪಿನಲ್ಲಿ ನಾನು ಚೆಂಡೆಯ ವಾದವನ್ನೂ ಇಟ್ಟೆ: ರಾತ್ರಿಯಿಡೀ ಯಕ್ಷಗಾನದ ಆಟ ನೋಡುವವರಿಗೆ ಇದು ಹೇಗೆ ಗಲಾಟೆಯಾಗುತ್ತದೆ ಅಂತ. ಮೆಟಲ್ ಕೇಳುವ ಕರಾವಳಿಯ ಹುಡುಗರೆಲ್ಲ ಒಮ್ಮೆಯಾದರೂ ಇಡುವ ವಾದ. ಚಿಕ್ಕಪ್ಪ ಹೇಳಿದರು, "ಚೆಂಡೆಯವನಿಗೆ ಯಾವಾಗ ನಿಲ್ಲಿಸ್ಬೇಕು ಅಂತ ಗೊತ್ತುಂಟು, ಭಾಗವತರು ಬಾಯಿ ತೆರೆದಾಗ." ಅಲ್ಲಿಗೆ ನನ್ನ ವಾದ ಮುಗಿಯಿತು. ನೀವೂ ಆ ವಾದ ಇಡಬೇಡಿ.

ಕೇಳುವವರಲ್ಲಿ ಇನ್ನೊಂದು ಜಾತಿ ಇದೆ. ಹೇಳಿದ ಹಾಡನ್ನು ನನ್ನೆದುರೇ ಹಚ್ಚಿ, ಇಪ್ಪತ್ತು ಸೆಕೆಂಡಿಗೆ ಬಂದ್ ಮಾಡಿ "ಇದು ಆಗ್ಲಿಕ್ಕಿಲ್ಲ" ಅನ್ನುವವರು. ಸ್ಪಾಟಿಫೈಯಲ್ಲಿ ಹಾಡು ಮೂವತ್ತು ಸೆಕೆಂಡ್ ಓಡದಿದ್ದರೆ ಲೆಕ್ಕಕ್ಕೇ ಬರುವುದಿಲ್ಲ, ಬ್ಯಾಂಡಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಇನ್ನು ಹತ್ತು ಸೆಕೆಂಡ್ ತಡೆದುಕೊಂಡು ಆಮೇಲೆ ಬೈಯಿರಿ ಮಾರ್ರೆ, ಧರ್ಮ ಬರುತ್ತದೆ.

ಇಷ್ಟು ದೊಡ್ಡ ಬಾಯಿಯಲ್ಲಿ ಹೇಳಿದ ಮೇಲೆ, ನನ್ನನ್ನು ಯಾರೂ ಕೇಳದ ಪ್ರಶ್ನೆಯೊಂದಿದೆ. 'ನೀನು ಯಾವುದನ್ನು ಬೈದು, ಆಮೇಲೆ ಬಾಯಿ ಮುಚ್ಚಿ ಕೇಳಿದೆ?' ಕೇಳಿದರೆ ಹೇಳುತ್ತಿದ್ದೆ. ಕೇಳುವುದಿಲ್ಲ, ಹಾಗಾಗಿ ನಾನೇ ಹೇಳಬೇಕಾಗಿದೆ.

2024ರ ಸೆಪ್ಟೆಂಬರ್ 6, ಶುಕ್ರವಾರ. ಮರುದಿನ ಚೌತಿ, ಆದಿತ್ಯವಾರ ಕ್ರೈಸ್ತರ ಮೊಂತಿ ಹಬ್ಬ. ಎರಡಕ್ಕೂ ಕಬ್ಬು ಬೇಕು, ಹಾಗಾಗಿ ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟ ಬಸ್ಸು ಅರ್ಧ ಕಬ್ಬಿನ ಗದ್ದೆ. ನನ್ನ ಪಕ್ಕದವರು ಐದಾರು ಕೋಲನ್ನು ಕಾಲಿನ ನಡುವೆ ನಿಲ್ಲಿಸಿಕೊಂಡಿದ್ದರು. ತುದಿಯ ಗರಿ ಬ್ರೇಕ್ ಹಾಕಿದಾಗೆಲ್ಲ ನನ್ನ ಕಿವಿಗೆ ತಾಗಿ ಇಯರ್‌ಫೋನ್ ಬೀಳುತ್ತಿತ್ತು. ಆ ದಿನವೇ ಲಿಂಕಿನ್ ಪಾರ್ಕ್‌ನ 'ದಿ ಎಂಪ್ಟಿನೆಸ್ ಮಷೀನ್' ಬಂದಿತ್ತು. ಅವರ ಗಾಯಕ ಚೆಸ್ಟರ್ ಬೆನಿಂಗ್ಟನ್ ತೀರಿಕೊಂಡದ್ದು 2017ರ ಜುಲೈಯಲ್ಲಿ. ಏಳು ವರ್ಷದ ಮೇಲೆ ಬ್ಯಾಂಡು ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಹೊಸ ಗಾಯಕಿಯನ್ನು ಕರಕೊಂಡು ಬಂದಿತ್ತು. ಕಾಲೇಜಿನಲ್ಲಿ ಚೆಸ್ಟರಿನ ದನಿ ಅಂದರೆ ನನಗೆ ಏನಾಗಿತ್ತು ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಮನೆ ವಿಷಯ. ಕೂಳೂರು ಸೇತುವೆಯಲ್ಲಿ ಹಾಡು ಹಚ್ಚಿದೆ. ಹೊಟ್ಟೆ ಉರಿಯಿತು. ಒಂದು ನಿಮಿಷವೂ ಆಗಿರಲಿಲ್ಲ, ನಿಲ್ಲಿಸಿದೆ. ಕುಟುಂಬದ ವಾಟ್ಸ್ಯಾಪ್ ಗ್ರೂಪಿನಲ್ಲಿ, ಗಣಪತಿ ಚಿತ್ರಗಳ ನಡುವೆ, ಬರೆದು ಹಾಕಿದೆ: "ಹೊಸ ಹುಡುಗಿಯ ದನಿ ಸ್ವಲ್ಪವೂ ಸೆಟ್ ಆಗುವುದಿಲ್ಲ. ಲಿಂಕಿನ್ ಪಾರ್ಕ್ ಮುಗಿಯಿತು."

ಮಣಿಪಾಲದಲ್ಲಿ ಓದುವ ಅಕ್ಕನ ಮಗಳು ಗ್ರೂಪಿನಲ್ಲಿ ಏನೂ ಹೇಳಲಿಲ್ಲ. ನನಗೆ ಪ್ರತ್ಯೇಕ ಮೆಸೇಜ್ ಮಾಡಿದಳು. "ಮಾಮ, ಎಷ್ಟನೇ ನಿಮಿಷದಲ್ಲಿ ಸೆಟ್ ಆಗ್ಲಿಲ್ಲ?"

"ಶುರುವಿನಿಂದಲೇ" ಅಂದೆ.

"ಶುರುವಿನಲ್ಲಿ ಹಾಡಿದ್ದು ಮೈಕ್ ಶಿನೋಡಾ ಮಾಮ. ಮೊದಲ ಚರಣ, ಪಲ್ಲವಿ ಎಲ್ಲ ಅವರದ್ದೇ. ಎಮಿಲಿ ಬರುವುದು ಎರಡನೇ ಚರಣಕ್ಕೆ."

ಇಪ್ಪತ್ತು ವರ್ಷದಿಂದ ಆ ಬ್ಯಾಂಡಿನಲ್ಲಿ ಕೇಳಿದ ದನಿಯನ್ನೇ ನಾನು ಹೊಸ ಹುಡುಗಿಯದ್ದೆಂದು ಬೈದಿದ್ದೆ ಅಂತಲ್ಲ. ಅದಕ್ಕಿಂತ ನಾಚಿಕೆಗೇಡು: ಮೈಕ್‌ನ ದನಿ ಅಂತ ಗೊತ್ತಾಗಿತ್ತು, ಆಕೆ ಬಾಯಿ ತೆರೆಯುವವರೆಗೆ ಕೂರುವ ತಾಳ್ಮೆ ಇರಲಿಲ್ಲ. ತೀರ್ಪು ಮನೆಯಿಂದಲೇ ಬರೆದು ತಂದಿದ್ದೆ. ಹೆಜಮಾಡಿ ಟೋಲಿನಲ್ಲಿ ಬಸ್ಸು ನಿಂತಾಗ ಕಬ್ಬಿನ ಗರಿಯನ್ನು ಒಂದು ಕೈಯಲ್ಲಿ ಹಿಡಿದು ಮತ್ತೆ ಹಚ್ಚಿದೆ. ಎರಡನೇ ಚರಣ. ಮೊದಲು ಮೆತ್ತಗೆ, ತಣ್ಣಗೆ ಬಂದಳು. ಪಲ್ಲವಿಗೆ ಹೋಗುವಾಗ ದನಿ ಅಂಚಿನಲ್ಲಿ ಹರಿಯಿತು, ಹಳೇ ಬಟ್ಟೆ ಹರಿಯುವಾಗ ಆಗುವ ಹಾಗೆ. ಆಕೆ ಚೆಸ್ಟರ್ ಆಗಲು ನೋಡುತ್ತಿರಲಿಲ್ಲ. ಪಡುಬಿದ್ರಿ, ಎರ್ಮಾಳು, ಉಚ್ಚಿಲ ಎಲ್ಲ ಅದರಲ್ಲೇ ಹೋಯಿತು. ಗ್ರೂಪಿನಲ್ಲಿ ಮೆಸೇಜ್ ಅಳಿಸುವ ಎಂದರೆ ಅಷ್ಟರಲ್ಲಿ ಭಾವ ಅದಕ್ಕೆ ಹೆಬ್ಬೆರಳು ಒತ್ತಿ ಆಗಿತ್ತು.

ಅಂದಿನಿಂದ ಅಕ್ಕನ ಮಗಳು ಗುರುವಾರ ರಾತ್ರಿ ಹನ್ನೆರಡು ದಾಟಿ ಶುಕ್ರವಾರ ಆದ ಕೂಡಲೇ ಹೊಸ ಹಾಡಿನ ಲಿಂಕ್ ಕಳಿಸುತ್ತಾಳೆ, ಕೆಳಗೆ "ಪೂರ್ತಿ ಕೇಳಿ ಹೇಳು ಮಾಮ" ಅಂತ ಬರೆದು. ಅವಳಿಗೆ ಸ್ಲೀಪ್ ಟೋಕನ್ ಹುಚ್ಚು. ಮುಖಕ್ಕೆ ಮುಸುಕು ಹಾಕಿಕೊಂಡ ಲಂಡನ್ನಿನವರು. 2025ರ 'ಕ್ಯಾರಮೆಲ್' ಕಳಿಸಿ ಎಷ್ಟೋ ಕಾಲವಾಯಿತು, ನನ್ನ ತೀರ್ಪು ಇನ್ನೂ ಹೋಗಿಲ್ಲ. ಆರು ಸಲ ಆಗಿದೆ. ಕೊನೆಗೆ ಬರುವ ಅರಚಾಟ, ಗುಡುಗು ಎಲ್ಲ ಲಾಯ್ಕುಂಟು, ಅದರಲ್ಲಿ ತಕರಾರಿಲ್ಲ. ಅದಕ್ಕೆ ಮೊದಲು ಡ್ಯಾನ್ಸ್ ಹಾಡಿನ ತಾಳಕ್ಕೆ ಆ ಪುಣ್ಯಾತ್ಮ ಸಕ್ಕರೆ ಪಾಕದ ಹಾಗೆ ಹಾಡುತ್ತಾನಲ್ಲ, ಅದೇ ನನಗೆ ಕೇಳ್ಲಿಕ್ಕೆ ಆಗದ್ದು. ಸೋಮವಾರ ಬಸ್ಸಲ್ಲಿ ಇನ್ನೊಮ್ಮೆ ನೋಡುತ್ತೇನೆ.