ಪಟಿಕದ ಎಂಟು ಮುಖ

ದಸರಾ ರಜೆಗೆ ಅಕ್ಕನ ಮಗಳು ಮಂಡ್ಯದಿಂದ ಬಂದಿಳಿದಾಗ ಅವಳ ಬ್ಯಾಗಿನಲ್ಲಿ ಬಟ್ಟೆಗಿಂತ ಚಮಕಿಯೇ ಜಾಸ್ತಿ ಇತ್ತು. ಪುಟಾಣಿ ಡಬ್ಬಿಗಳಲ್ಲಿ ಬಂಗಾರದ ಬಣ್ಣ, ಬೆಳ್ಳಿ ಬಣ್ಣ, ನವಿಲು ನೀಲಿ. ಜೊತೆಗೆ ಸುರುಳಿ ಸುತ್ತಿದ ಒಂದು ಡ್ರಾಯಿಂಗ್ ಶೀಟು. ಬಿಚ್ಚಿ ನೋಡಿದರೆ ಪೆನ್ಸಿಲಿನಲ್ಲಿ ಬರೆದ ಚಾಮುಂಡೇಶ್ವರಿ. ಎಂಟನೇ ಕ್ಲಾಸಿನ ಹುಡುಗಿ. ರಜೆ ಮುಗಿದ ಮೇಲೆ ಶಾಲೆಯಲ್ಲಿ ಚಿತ್ರಗಳ ಪ್ರದರ್ಶನ ಇದೆಯಂತೆ.

"ಮಾಮ, ಕಿರೀಟ ನಿಜವಾಗ್ಲೂ ಹೊಳೀಬೇಕು. ಚಮಕಿ ಎಲ್ಲರೂ ಹಾಕ್ತಾರೆ. ನಂಗೆ ವಜ್ರದ ಥರ ಬೇಕು."

ವಜ್ರ ನನ್ನ ಕೈಗೆ ಎಟುಕುವುದಲ್ಲ. ಆದರೆ ಹೊಳೆಯುವುದರ ಹುಚ್ಚು ನನಗೂ ಸಣ್ಣವನಿದ್ದಾಗಿನಿಂದ ಇದೆ. ನಮ್ಮೂರು ಮಂಡ್ಯದ ಕಡೆಯ ಒಂದು ಹಳ್ಳಿ. ಬಾವಿ ತೋಡಿ ಎತ್ತಿ ಹಾಕಿದ ಮಣ್ಣಿನ ಗುಡ್ಡೆಯಲ್ಲಿ ನಮಗೆ ಕಾಗೆಬಂಗಾರ ಸಿಗುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಅಭ್ರಕ ಅಂತಾರೆ. ಉಗುರಿನಿಂದ ಎಬ್ಬಿಸಿದರೆ ಈರುಳ್ಳಿ ಸಿಪ್ಪೆ ಹಾಗೆ ಪದರ ಪದರವಾಗಿ ಬಿಡುತ್ತಿತ್ತು. ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಂಡು, ನಾಲ್ಕು ಚೂರಿಗೆ ಒಂದು ಬಳಪದಂತೆ ವ್ಯಾಪಾರ ಮಾಡುತ್ತಿದ್ದೆ. ಇನ್ನೊಂದು ಆಟ ಬೆಣಚುಕಲ್ಲಿನದು. ರಾತ್ರಿ ಕಂಬಳಿ ಒಳಗೆ ನುಸುಳಿ ಎರಡು ಬಿಳಿ ಬೆಣಚುಕಲ್ಲನ್ನು ಜೋರಾಗಿ ಉಜ್ಜಿದರೆ ಕಲ್ಲಿನ ಒಳಗೇ ಮಬ್ಬು ಬೆಳಕು ಮಿಂಚುತ್ತಿತ್ತು. ಆಮೇಲೆ ಸುಟ್ಟ ವಾಸನೆ. ಅಮ್ಮ ಕಂಬಳಿ ಎಳೆದು ಬೆನ್ನಿಗೆ ಒಂದು ಬಿಡುವವರೆಗೂ ಆ ಆಟ ನಡೆಯುತ್ತಿತ್ತು.

ಅದಕ್ಕೇ ಇರಬೇಕು, "ವಜ್ರ ಬೇಡ, ಪಟಿಕ ಬೆಳೆಸೋಣ" ಅಂದುಬಿಟ್ಟೆ.

ಮಾರನೆ ದಿನ ದೇವರಾಜ ಮಾರುಕಟ್ಟೆಗೆ ಹೋದೆವು. ಹಬ್ಬದ ಮುಂಚಿನ ಜನ. ಹೂವಿನ ಸಾಲು ದಾಟಿ, ಕುಂಕುಮದ ಗೋಪುರಗಳನ್ನು ದಾಟಿ, ಒಂದು ಗ್ರಂಧಿಗೆ ಅಂಗಡಿ ಮುಂದೆ ನಿಂತು ಅರ್ಧ ಕೆ.ಜಿ. ಪಟಿಕ ಕೇಳಿದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು. "ದೃಷ್ಟಿಗಾ, ಶೇವಿಂಗಿಗಾ?" ಅರ್ಧ ಕೆ.ಜಿ. ತಗೊಳ್ಳುವವರು ಅವರಿಗೆ ಹೊಸಬರು. "ಚಿತ್ರಕ್ಕೆ" ಅಂದಳು ಪುಟ್ಟಿ. ಅವರು ಏನೂ ಹೇಳದೆ ತೂಕ ಹಾಕಿದರು. ಅಂದ ಹಾಗೆ ಪಟಿಕ ಅನ್ನುವ ಮಾತೇ ಸ್ಫಟಿಕದಿಂದ ಬಂದದ್ದು. ಕ್ಷೌರದಂಗಡಿಯ ಕಲ್ಲಿಗೆ ಹೆಸರು ಮಾತ್ರ ದೊಡ್ಡ ಮನೆತನದ್ದು.

ಬೆಳೆಸುವ ಕೆಲಸ ಸುಲಭ. ಕಾಯುವುದು ಕಷ್ಟ. 100 ಮಿಲಿ ನೀರು 50 ಡಿಗ್ರಿ ಬಿಸಿಯಲ್ಲಿ ಸುಮಾರು 37 ಗ್ರಾಂ ಪಟಿಕವನ್ನು ಕರಗಿಸಿಕೊಳ್ಳುತ್ತದೆ. ಆರಿ 20 ಡಿಗ್ರಿಗೆ ಬಂದರೆ 14 ಗ್ರಾಂ ಅಷ್ಟೇ. ಹೆಚ್ಚಾದದ್ದು ಹೊರಗೆ ಬರಲೇಬೇಕು. ಅವಸರದಲ್ಲಿ ಬಂದರೆ ಪುಡಿ, ನಿಧಾನಕ್ಕೆ ಬಂದರೆ ಹರಳು. ನಾವು ಕುದಿಸಿ, ಹಳೇ ಪಂಚೆಯಲ್ಲಿ ಸೋಸಿ, ಚೊಂಬಿನಲ್ಲಿಟ್ಟೆವು. ಬೆಳಗ್ಗೆ ತಳದಲ್ಲಿ ಸಾಸಿವೆ ಗಾತ್ರದ ಹರಳುಗಳು ಬಂದಿದ್ದವು. ಅದರಲ್ಲಿ ಮೂಲೆ ಮುರಿಯದ ಒಂದನ್ನು ಆರಿಸಿ, ಪುಟ್ಟಿಯ ಒಂದು ತಲೆಗೂದಲಿನಿಂದ ಕಟ್ಟಿ, ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ತೂಗುಬಿಟ್ಟೆವು. ತಳದಲ್ಲೇ ಬಿಟ್ಟರೆ ಕೆಳಗಿನ ಮುಖಕ್ಕೆ ನೀರು ಸಿಗದೆ ಹರಳು ಚಪ್ಪಟೆಯಾಗುತ್ತದೆ. ಉಳಿದ ಚಿಕ್ಕವನ್ನು ಬೇರೆ ಲೋಟಗಳಲ್ಲಿ ಹಾಕಿದೆವು.

"ಹಬ್ಬದ ಹೊತ್ತಲ್ಲಿ ನನ್ನ ಜಾಡಿನೇ ಬೇಕಿತ್ತಾ ನಿಮಗೆ?" ಅಂದಳು ನನ್ನ ಹೆಂಡತಿ. ಅವಳು ಗೊಂಬೆ ಕೂರಿಸುವ ಗಲಾಟೆಯಲ್ಲಿದ್ದಳು. ಮೆಟ್ಟಿಲಿಗೆ ಬಿಳಿ ಬಟ್ಟೆ ಹಾಸಿ, ಅಂಚಿಗೆ ಬೇಗಡೆ ಕಾಗದ ಅಂಟಿಸುತ್ತಿದ್ದಳು.

ಆ ವಾರ ಮಳೆ ಬೇರೆ. ಗಾಳಿಯಲ್ಲಿ ತೇವ ಇದ್ದರೆ ಜಾಡಿಯ ನೀರು ಆರುವುದಿಲ್ಲ. ಪುಟ್ಟಿ ಗಂಟೆಗೊಮ್ಮೆ ಹೋಗಿ ಜಾಡಿ ಅಲುಗಾಡಿಸಿ ಬರುತ್ತಿದ್ದಳು. "ಸುಮ್ನೆ ಬಿಡೇ ಅದನ್ನ" ಅಂತ ಹೇಳಿ ಹೇಳಿ ನನಗೇ ಸಾಕಾಯಿತು. ಆದರೆ ನಾಲ್ಕನೇ ದಿನ ಅವಳು ಕರೆದಾಗ ನಾನೂ ನೋಡುತ್ತಾ ನಿಂತುಬಿಟ್ಟೆ. ಕಡಲೆಕಾಳಿನಷ್ಟು ಆಗಿತ್ತು. ಎರಡು ಪಿರಮಿಡ್ಡುಗಳ ತಳ ಕೂಡಿಸಿದ ಹಾಗೆ. ಎಂಟು ಮುಖ, ಎಂಟೂ ತ್ರಿಕೋನ. ಅಳತೆಪಟ್ಟಿ ಇಟ್ಟು ಎಳೆದಂಥ ಗೆರೆ. ನೀರಿನೊಳಗೆ ಯಾರೂ ಕೂತು ಉಜ್ಜಿದ್ದಿಲ್ಲ, ಕೊರೆದದ್ದಿಲ್ಲ.

"ಎಂಟೇ ಯಾಕೆ ಮಾಮ?"

ಇದಕ್ಕೆ ನನಗೆ ಗೊತ್ತಿರುವ ಉತ್ತರ ನನಗೇ ಬಹಳ ಇಷ್ಟ. ಹರಳು ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬೇಗ ಬೇಗ ಬೆಳೆಯುವ ಮುಖ ಮುಂದಕ್ಕೆ ಓಡುತ್ತಾ ಕಿರಿದಾಗಿ, ಕೊನೆಗೆ ಒಂದು ಮೂಲೆಯಾಗಿ ಮಾಯವಾಗುತ್ತದೆ. ನಿಧಾನದವೇ ಅಗಲವಾಗಿ ಉಳಿಯುತ್ತವೆ. ಪಟಿಕದಲ್ಲಿ ಹಾಗೆ ಉಳಿಯುವ ಸೋಮಾರಿಗಳು ಎಂಟು. ಉಪ್ಪಿನಲ್ಲಾದರೆ ಆರು, ಅದಕ್ಕೇ ಉಪ್ಪಿನ ಹರಳು ಡಬ್ಬಿಯ ಆಕಾರ.

ಪುಟ್ಟಿ ಶಾಲೆಯ ಪ್ರವಾಸದಲ್ಲಿ ಸೋಮನಾಥಪುರ ನೋಡಿ ಬಂದವಳು. 1258ರ ದೇವಸ್ಥಾನ. ಅಲ್ಲಿ ಮೂರು ಗೋಪುರವೂ ನಕ್ಷತ್ರದ ಆಕಾರ, ಹದಿನಾರು ಮೂಲೆ. "ಹಾಗಾದ್ರೆ ಹದಿನಾರು ಮೂಲೆ ನಕ್ಷತ್ರದ ಹರಳು ಬೆಳೆಸಬಹುದಾ?" ಅಂದಳು. ಆಗಲ್ಲ. ಬಚ್ಚಲಮನೆಯ ಟೈಲ್ಸ್ ಇದ್ದ ಹಾಗೆ ಇದು. ಚೌಕ, ತ್ರಿಕೋನ, ಜೇನುಗೂಡಿನ ಆರು ಮೂಲೆ ಇವನ್ನು ಜಾಗ ಬಿಡದೆ ಜೋಡಿಸಬಹುದು. ಬರೀ ಐದು ಮೂಲೆ, ಎಂಟು ಮೂಲೆ ಟೈಲ್ಸ್ ಜೋಡಿಸಿದರೆ ಸಂದು ಬೀಳುತ್ತದೆ. ಮಾಮೂಲಿ ಹರಳು ಒಂದೇ ಅಚ್ಚನ್ನು ಸಂದಿಲ್ಲದೆ ಪೇರಿಸಿಕೊಂಡು ಹೋಗುವಂಥದ್ದು. ಹದಿನಾರು ಮೂಲೆ ಬೇಕೆಂದರೆ ಚೌಕವನ್ನು ತಿರುಗಿಸಿ ತಿರುಗಿಸಿ ಗೆರೆ ಹಾಕುವ ಹೊಯ್ಸಳರ ಕಾಲದ ಶಿಲ್ಪಿಯೇ ಬೇಕು.

ಎಂಟನೇ ದಿನಕ್ಕೆ ಜಾಡಿಯದು ಹೆಬ್ಬೆರಳ ತುದಿಯಷ್ಟಾಯಿತು. ಲೋಟಗಳಲ್ಲಿ ಅವರೆಕಾಳಿನಷ್ಟು ದೊಡ್ಡವು ಒಂಬತ್ತು. ಪುಟ್ಟಿ ಆ ಒಂಬತ್ತನ್ನೂ ಕಿರೀಟದ ಮೇಲೆ ಫೆವಿಕಾಲ್ ಹಾಕಿ ಸಾಲಾಗಿ ಕೂರಿಸಿದಳು. ದೊಡ್ಡದು ಭಾರ, ಅದನ್ನು ನಾಳೆ ನೋಡೋಣ ಅಂತ ಗೊಂಬೆ ಮೆಟ್ಟಿಲ ಮೇಲೆ ಇಟ್ಟಳು.

ಬೆಳಗ್ಗೆ ಎದ್ದು ನೋಡಿದರೆ ಒಂಬತ್ತು ಸೀಮೆಸುಣ್ಣದ ತುಂಡು.

ತಪ್ಪು ಪೂರ್ತಿ ನನ್ನದೇ. ಫೆವಿಕಾಲಿನಲ್ಲಿ ನೀರಿದೆ, ಪಟಿಕ ನೀರಿನಲ್ಲಿ ಕರಗುತ್ತದೆ. ಒಂದು ವಾರದಿಂದ ಅದನ್ನೇ ಕರಗಿಸುತ್ತಿದ್ದ ಮನುಷ್ಯನಿಗೆ ಇದು ಹೊಳೆಯಲಿಲ್ಲ ನೋಡಿ! ಚೂಪಾದ ಅಂಚೆಲ್ಲ ಮೊಂಡಾಗಿ, ಅಡಿಯೆಲ್ಲ ಬೆಳ್ಳಗಾಗಿತ್ತು. ಹಾಗೆ ನೋಡಿದರೆ ಕರಗದಿದ್ದರೂ ಹೊಳೆಯುತ್ತಿರಲಿಲ್ಲ. ಪಟಿಕದ ಮುಖದ ಮೇಲೆ ನೇರ ಬಿದ್ದ ಬೆಳಕಿನಲ್ಲಿ ನೂರಕ್ಕೆ ಮೂರೂವರೆ ಪಾಲು ಮಾತ್ರ ವಾಪಸ್ ಬರುತ್ತದೆ. ವಜ್ರದಲ್ಲಿ ನೂರಕ್ಕೆ ಹದಿನೇಳು. ಜಾಡಿಯಿಂದ ತೆಗೆದು ಕೈಯಲ್ಲಿ ಹಿಡಿದಾಗ ಅದು ಮಿನುಗುತ್ತಿದ್ದದ್ದು ಹಿಂದಿನ ಮುಖಗಳಿಗೆ ಬೆಳಕು ಒಳಗಿಂದ ಬಡಿದು ಮರಳುತ್ತಿದ್ದದ್ದರಿಂದ. ಆ ಬೆನ್ನಿಗೇ ಅಂಟು ಮೆತ್ತಿದರೆ ಬೆಳಕು ಅಂಟಿನೊಳಗೆ ಹೋಗಿ ಮುಗಿಯಿತು. ಇದನ್ನೆಲ್ಲ ವಿವರಿಸಲು ಹೋದೆ. ಪುಟ್ಟಿ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೆಂಡತಿ ಕಣ್ಣಲ್ಲೇ "ಈಗ ಬಾಯಿ ಮುಚ್ಚಿ" ಅಂದಳು.

ಅವತ್ತು ಮಧ್ಯಾಹ್ನ ಅವಳನ್ನು ನನಗೆ ಗೊತ್ತಿದ್ದ ಒಬ್ಬ ಮೇಷ್ಟ್ರ ಮನೆಗೆ ಕರೆದುಕೊಂಡು ಹೋದೆ. ಅಗ್ರಹಾರದ ಕಡೆ ಒಂದು ಹಳೇ ಮನೆ. ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು, ಮೈಸೂರು ಶೈಲಿಯ ಚಿತ್ರ ಬರೆಯುತ್ತಾರೆ. ಮಾತು ಕಮ್ಮಿ, ಗೊಣಗಾಟ ಜಾಸ್ತಿ.

ಒಳಗೆ ಕಾಲಿಟ್ಟ ಕೂಡಲೇ "ಫ್ಯಾನ್ ಹಾಕ್ಬೇಡಿ" ಅಂದರು. ಬೆವರು ಒರೆಸಿಕೊಂಡು ಕೂತೆವು. ಅವರ ಮುಂದೆ ಒಂದು ಲಕ್ಷ್ಮಿಯ ಚಿತ್ರ, ಒಡವೆಯ ಜಾಗದಲ್ಲೆಲ್ಲ ಹಳದಿ ಬಣ್ಣದ ಉಬ್ಬು. ಜೆಸ್ಸೊ ಕೆಲಸ ಅಂತಾರೆ. ಹಿಂದೆ ಸೀಸದ ಬಿಳಿ ಪುಡಿಗೆ ಅಂಟು, ರೇವಣಚಿನ್ನಿ ಹಾಲು ಅನ್ನುವ ಹಳದಿ ಮರದ ಹಾಲು ಸೇರಿಸಿ ಅರೆಯುತ್ತಿದ್ದರು. ಸೀಸ ವಿಷ, ಹಾಗಾಗಿ ಇವರು ಸತುವಿನ ಬಿಳಿ ಬಳಸುತ್ತಾರೆ. ಅದನ್ನು ಕುಂಚದ ತುದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟಿದ್ದರು. ಒಂದು ಸರದಲ್ಲೇ ನೂರಾರು ಚುಕ್ಕೆ, ಒಂದೊಂದೂ ರಾಗಿಕಾಳಿಗಿಂತ ಸಣ್ಣದು. ತಂಜಾವೂರು ಚಿತ್ರದಲ್ಲಿ ಈ ಉಬ್ಬು ದಪ್ಪ, ಗಾಜಿನ ಕಲ್ಲನ್ನೂ ಕೂರಿಸುತ್ತಾರೆ. ಮೈಸೂರಿನದು ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು ತೆಳು. ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಮೈಸೂರಿನವನೆಂಬ ಪಕ್ಷಪಾತ ಸ್ವಲ್ಪ ಇದ್ದರೂ ಇರಬಹುದು.

ಪುಟ್ಟಿ ತನ್ನ ಚಿತ್ರ ಬಿಚ್ಚಿದಳು. ಮೇಷ್ಟ್ರು ಕಿರೀಟ ಮೂಸಿ ನೋಡಿದರು. "ಇದೇನಮ್ಮ, ಪಟಿಕನಾ? ದೇವಿಗೆ ಶೇವಿಂಗ್ ಮಾಡಿಸ್ದೆಯಾ?" ಅವಳಿಗೆ ಅಳು ಬರುವುದೋ ನಗು ಬರುವುದೋ ಎನ್ನುವಷ್ಟರಲ್ಲಿ ಅವರೇ ಒಂದು ಚಾಕು ತಂದು ಒಂಬತ್ತನ್ನೂ ಕಾಗದ ಹರಿಯದ ಹಾಗೆ ಕೆರೆದು ತೆಗೆದರು. "ಕಲ್ಲಿಗೆ ಬೆನ್ನ ಹಿಂದೆ ಬೇಗಡೆ ಬೇಕು ಮಗು. ಬಂದ ಬೆಳಕನ್ನ ವಾಪಸ್ ಅಟ್ಟೋಕೆ."

ಎರಡು ವಾಕ್ಯ! ನಾನು ಬೆಳಗ್ಗೆ ಅರ್ಧ ಗಂಟೆ ಹೇಳಿದ್ದು ಅದನ್ನೇ.

ಆಮೇಲೆ ಒಂದು ಪುಟ್ಟ ಪುಸ್ತಕ ತೆಗೆದರು. ಹಾಳೆ ಹಾಳೆಯ ನಡುವೆ ಚಿನ್ನದ ರೇಕು. ಒಂದು ಮಿಲಿಮೀಟರನ್ನು ಹತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ದಪ್ಪ, ಹೆಚ್ಚುಕಡಿಮೆ. ಒಂದು ಗ್ರಾಂ ಚಿನ್ನವನ್ನು ಹಾಗೆ ಬಡಿದರೆ ಅರ್ಧ ಚದರ ಮೀಟರ್ ಹರಡುತ್ತದೆ. ಅಷ್ಟು ತೆಳು ಆದ್ದರಿಂದಲೇ ಫ್ಯಾನ್ ಬೇಡ ಅಂದದ್ದು. "ಉಸಿರು ಆಚೆ ತಿರುಗಿ ಬಿಡು" ಅಂದರು ಅವಳಿಗೆ. ಕುಂಚದ ತುದಿಯಲ್ಲಿ ಹರಿದ ಚೂರೊಂದನ್ನು ಎತ್ತಿ ಕಿಟಕಿಗೆ ಅಡ್ಡ ಹಿಡಿದು "ನೋಡು" ಅಂದರು.

ಪುಟ್ಟಿ ನೋಡಿದಳು. "ಹಸಿರು!"

ನಾನೂ ಬಗ್ಗಿ ನೋಡಿದೆ. ಹೌದು, ಚಿನ್ನದ ಆಚೆಗಿನ ಬಿಸಿಲು ಹಸಿರು ನೀಲಿ, ಕೆರೆಯ ತಳದಿಂದ ಮೇಲೆ ನೋಡಿದ ಹಾಗೆ. ಚಿನ್ನ ಕೆಂಪು ಹಳದಿಯನ್ನು ನಮ್ಮ ಕಡೆ ಎಸೆದುಬಿಡುತ್ತದೆ, ನೀಲಿಯಲ್ಲಿ ಹೆಚ್ಚಿನದನ್ನು ನುಂಗುತ್ತದೆ, ನಡುವೆ ಉಳಿದ ಹಸಿರು ನುಸುಳಿಕೊಂಡು ಹೋಗುತ್ತದೆ. ಓದಿ ತಿಳಿದಿದ್ದೆ. ಕಣ್ಣಾರೆ ಕಂಡದ್ದು ಅವತ್ತೇ, ಈ ವಯಸ್ಸಿಗೆ.

ಮೇಷ್ಟ್ರು ಅವಳ ಕಿರೀಟದ ಮೇಲೆ ಏಳೆಂಟು ಚುಕ್ಕೆ ಇಟ್ಟು ತೋರಿಸಿ ಕುಂಚ ಅವಳ ಕೈಗೆ ಕೊಟ್ಟರು. ಅವಳ ಚುಕ್ಕೆಗಳು ಒಂದು ಕಡಲೆ, ಒಂದು ಸಾಸಿವೆ. ಅವರು ಸರಿಮಾಡಲಿಲ್ಲ. ಆರುವ ತನಕ ಕಾಫಿ ಆಯಿತು, ಕೋಡುಬಳೆ ಆಯಿತು. ಆಮೇಲೆ ರೇಕು ಕೂರಿಸಿ, ಮೇಲೆ ತೆಳು ಕಾಗದ ಇಟ್ಟು, ನುಣುಪು ಕಲ್ಲಿನಿಂದ ಮೆತ್ತಗೆ ಉಜ್ಜಿಸಿದರು. ಕಾಗದ ಎತ್ತಿದಾಗ ಕಿರೀಟ ಟ್ಯೂಬ್‌ಲೈಟಿನಲ್ಲಿ ಮಂಕಾಗಿ, ಅರಿಶಿನ ಬಳಿದ ಹಾಗಿತ್ತು. ಪುಟ್ಟಿಯ ಮುಖವೂ ಮಂಕಾಯಿತು.

"ಅಲ್ಲಲ್ಲ, ಈ ಕಡೆ ಬಾ" ಅಂತ ದೇವರ ಮನೆಗೆ ಕರೆದೊಯ್ದರು. ಎರಡು ಎಣ್ಣೆ ದೀಪ ಉರಿಯುತ್ತಿತ್ತು. ಚಿತ್ರವನ್ನು ಗೋಡೆಗೆ ಒರಗಿಸಿ ಅವಳನ್ನು ಎಡಕ್ಕೆ ನಡೆ, ಬಲಕ್ಕೆ ನಡೆ ಅಂದರು. ಎಣ್ಣೆ ದೀಪದಲ್ಲಿ ನೀಲಿ ಕಮ್ಮಿ, ಇರುವುದೆಲ್ಲ ಚಿನ್ನಕ್ಕೆ ಪ್ರಿಯವಾದ ಬಣ್ಣ. ಅವಳು ನಡೆದ ಹಾಗೆ ಚುಕ್ಕೆಗಳು ಒಂದಾದ ಮೇಲೊಂದು ಹತ್ತಿಕೊಂಡು ಆರಿದವು. ಒಂದೇ ಗಾತ್ರ ಇಲ್ಲದ್ದರಿಂದ ಅವು ಸರದಿಯಲ್ಲಿ ಹತ್ತದೆ ಎಲ್ಲೆಲ್ಲೋ ಮಿನುಗಿದವು. ಮೇಷ್ಟ್ರ ಲಕ್ಷ್ಮಿಗಿಂತ ಅವಳ ಚಾಮುಂಡಿಯೇ ನನಗೆ ಹೆಚ್ಚು ಕಂಡಳು. ಇದನ್ನು ಅಲ್ಲಿ ಹೇಳಲಿಲ್ಲ.

ವಾಪಸ್ ಬರುವಾಗ ಅರಮನೆ ಮುಂದೆ ಬಂದೆವು. ಲಕ್ಷದ ಹತ್ತಿರ ಬಲ್ಬು ಒಟ್ಟಿಗೇ ಹೊತ್ತಿದವು, ಜನ ಹೋ ಎಂದರು. ನಾನೂ ಪ್ರತಿ ವರ್ಷ ಹೋ ಅನ್ನುತ್ತೇನೆ. ಅವತ್ತು ಮಾತ್ರ ಅರಮನೆ ಬರೀ ಗೆರೆಯಾಗಿ, ಮೈ ಕಳಕೊಂಡ ಹಾಗೆ ಕಂಡಿತು. ಪುಟ್ಟಿ ಚಿತ್ರವನ್ನು ಎದೆಗವಚಿಕೊಂಡು, ಮೊಬೈಲಿನಲ್ಲಿ ತೆಗೆದ ಕಿರೀಟದ ಫೋಟೋ ನೋಡುತ್ತಿದ್ದಳು. ಫ್ಲಾಶ್ ಬಿದ್ದು ಚಿನ್ನ ಕಪ್ಪಾಗಿ ಬಂದಿತ್ತು.

ಆಯುಧಪೂಜೆಯ ಸಂಜೆ ಭಾವ ಅವಳನ್ನು ಕರೆದೊಯ್ಯಲು ಬಂದರು. ಮಾರನೆ ಬೆಳಗ್ಗೆ ಬಚ್ಚಲಿಂದ ಗಲ್ಲ ಸವರಿಕೊಳ್ಳುತ್ತಾ ಹೊರಬಂದು, "ಎಲ್ಲಿ ತಂದ್ಯಯ್ಯ ಈ ಪಟಿಕನಾ? ಒಳ್ಳೆ ಕಲ್ಲು ಮಡಗಿದ್ದೀಯ" ಅಂದರು.

ನಾನು ಹೆಂಡತಿಯನ್ನು ನೋಡಿದೆ. ಅವಳು ಸಾಮಾನು ತೊಳೆದು ಒರೆಸುವ ದಿನ ಗೊಂಬೆ ಮೆಟ್ಟಿಲಿಂದ ಅದನ್ನೆತ್ತಿ, ಪಟಿಕ ಇರಬೇಕಾದ ಜಾಗದಲ್ಲಿ ಇಟ್ಟಿದ್ದಳು. ಎರಡು ಮೂಲೆ ಹೋಗಿತ್ತು. ಒಂದು ಅಂಚು ಸೋಪಿನ ಹಾಗೆ ಉರುಟಾಗಿತ್ತು.

ಪುಟ್ಟಿ ಅಳುತ್ತಾಳೆ ಅಂದುಕೊಂಡೆ. ಅವಳು ಹರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಮಾಮ, ಜಾಡಿ ನೀರು ಚೆಲ್ಲಿಲ್ಲ ಅಲ್ವಾ?" ಅಂದಳು. ಚೆಲ್ಲಿರಲಿಲ್ಲ. ಇನ್ನೊಂದು ಕೂದಲು ಕಿತ್ತು ತಾನೇ ಕಟ್ಟಿದಳು. ಮಂಡ್ಯದ ತನಕ ರೈಲಿನಲ್ಲಿ ಉಪ್ಪಿನಕಾಯಿ ಜಾಡಿ ಅವಳ ತೊಡೆಯ ಮೇಲೇ ಇತ್ತಂತೆ, ಭಾವ ಮುಟ್ಟಲು ಹೋದರೆ ಕೈ ಮೇಲೆ ಹೊಡೆದಳಂತೆ.

ಪ್ರದರ್ಶನದಲ್ಲಿ ಬಹುಮಾನ ಬಂತಾ ಅಂತ ಕೇಳಲು ನಾನೇ ಫೋನ್ ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಅವಳದೇ ಬಂತು. ಚಿತ್ರದ ಮಾತೇ ಇಲ್ಲ.

"ಮಾಮ, ಒಂದು ಮೂಲೆ ವಾಪಸ್ ಬಂತು. ಇನ್ನೊಂದು ನಾಳೆ ಬರತ್ತೆ."