ಸ್ಪೀಡ್ ಟೆಸ್ಟ್‌ನಲ್ಲಿ 40, ಪಾಠಕ್ಕೆ ಮಾತ್ರ ಸುತ್ತುವ ಚಕ್ರ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿಯಲ್ಲಿ ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮ್ಮ ಯಜಮಾನರು ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವರು. ಆಮೇಲೆ, ಸುಮಾರಾಗಿ ಒಂದು ಜಿಲ್ಲೆಯಷ್ಟು ಪ್ರದೇಶಕ್ಕೆ ಸಿಗುವ ‘ಸಿ’ ವರ್ಗದ ಪರವಾನಗಿ ಪಡೆದು ಫೈಬರ್ ಎಳೆದರು. ಕಂಬ ಇಲ್ಲದ ಕಡೆ ಅಡಿಕೆ ಮರದಿಂದ ಅಡಿಕೆ ಮರಕ್ಕೆ ತಂತಿ ಹೋಗಿದೆ. ಸೋಗೆ ಬಿದ್ದರೆ ಫೈಬರ್ ತುಂಡಾಗುತ್ತದೆ, ಸಿಡಿಲು ಬಡಿದರೆ ಮನೆಯೊಳಗೆ ಫೈಬರ್ ಬಂದು ಸೇರುವ ಒಎನ್‌ಯು ಪೆಟ್ಟಿಗೆ ಸುಡುತ್ತದೆ. ಅಂಥ ತೊಂದರೆಗಳು ಕಣ್ಣಿಗೆ ಕಾಣುತ್ತವೆ, ಏಣಿ ಹಾಕಿ ಹತ್ತಿದರೆ ಸರಿಹೋಗುತ್ತವೆ. ನಾನು ಹೇಳಹೊರಟಿರುವುದು ಯಾರ ಕಣ್ಣಿಗೂ ಕಾಣದಂತೆ ನಾನೇ ಮಾಡಿದ ಒಂದು ತೊಂದರೆಯ ಬಗ್ಗೆ.

2019ರಲ್ಲಿ ಒಂದು ಟ್ಯೂಷನ್ ಆ್ಯಪ್‌ನವರು ಯಜಮಾನರನ್ನು ಭೇಟಿಯಾದರು. ತಮ್ಮ ಪಾಠಗಳನ್ನು ನೋಡಿದರೆ ಗ್ರಾಹಕರ ಡೇಟಾ ಖರ್ಚಾಗಬಾರದು, ಅದಕ್ಕೆ ತಿಂಗಳಿಗೆ ಇಂತಿಷ್ಟು ಹಣ ಕೊಡುತ್ತೇವೆ ಎಂದರು. ಆಗ ನಮ್ಮ ಪ್ಲಾನ್‌ಗಳಿಗೆ ತಿಂಗಳ ಮಿತಿ ಇತ್ತು. ಕೇಳಲು ಎಲ್ಲರಿಗೂ ಒಳ್ಳೆಯದೆನಿಸುವ ಮಾತು. ನಾನು ಬೇಡವೆಂದೆ. 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಹೊರಡಿಸಿದ ನಿಯಮವನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಯಾವ ಜಾಲತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸುವಂತಿಲ್ಲ, ತಪ್ಪಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ದಂಡ. ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಈ ದೇಶದಲ್ಲಿ ನಿಂತದ್ದು ಇದೇ ನಿಯಮದಿಂದ. ದಂಡದ ಅಂಕಿ ಓದಿದ ಯಜಮಾನರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕೆಂದು 2015ರಲ್ಲಿ ಟ್ರಾಯ್‌ಗೆ ಹೋದ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳಲ್ಲಿ ಡಿಪ್ಲೊಮಾ ಓದುತ್ತಿದ್ದ ನನ್ನದೂ ಒಂದು. ಆ ದಿನ ಬಹಳ ಹೆಮ್ಮೆಯಾಯಿತು.

ಮರುವರ್ಷ ಲಾಕ್‌ಡೌನ್ ಬಂತು. ಬೆಂಗಳೂರಿನಿಂದ ಮಕ್ಕಳೆಲ್ಲ ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದರು. ನಮ್ಮಲ್ಲಿದ್ದದ್ದು 600 ಮನೆ, ಹೊರಗಿನಿಂದ ತಂದದ್ದು ಒಂದೇ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗದ ಲೈನ್. ಸಂಜೆ ಏಳೂವರೆಗೆ ದಟ್ಟಣೆಯ ಗ್ರಾಫ್ ಗುಡ್ಡದಂತೆ ಏರುತ್ತಿತ್ತು, ತುದಿಯಲ್ಲಿ ಕತ್ತಿಯಿಂದ ಸವರಿದಂತೆ ಚಪ್ಪಟೆಯಾಗಿ ಹನ್ನೊಂದರವರೆಗೆ ಹಾಗೇ ನಿಲ್ಲುತ್ತಿತ್ತು. ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. “ಸಿನಿಮಾ ನೋಡುವವರದ್ದು ಸ್ವಲ್ಪ ಬಿಗಿ ಮಾಡು, ಆಫೀಸ್ ಕೆಲಸ ಮಾಡುವವರಾದರೂ ಬದುಕಿಕೊಳ್ಳಲಿ” ಎಂದರು ಯಜಮಾನರು. ನನಗೂ ಅದು ನ್ಯಾಯವೆಂದೇ ತೋರಿತು. ವಿಡಿಯೊ ತಾಣಗಳ ವಿಳಾಸಗಳನ್ನೆಲ್ಲ ಒಂದು ಪಟ್ಟಿಗೆ ಸೇರಿಸಿ, ಅವಕ್ಕೆಲ್ಲ ಒಟ್ಟಾಗಿ 150 ಎಂಬಿಪಿಎಸ್ ಎಂದು ರೌಟರ್‌ನಲ್ಲಿ ಬರೆದೆ. ಹತ್ತು ನಿಮಿಷದ ಕೆಲಸ. ಮರುದಿನವೇ ದೂರುಗಳು ಕಡಿಮೆಯಾದವು.

ಒಂದು ವಾರದ ನಂತರ ಪ್ರೌಢಶಾಲೆಯ ಗಣಿತದ ಮೇಡಂ ಕರೆ ಮಾಡಿದರು. ಅಡುಗೆಮನೆಯ ಗೋಡೆಗೆ ಹಲಗೆ ಒರಗಿಸಿ ಹತ್ತನೆಯ ತರಗತಿಯ ಪಾಠಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕುತ್ತಿದ್ದರು. “ಸ್ಪೀಡ್ ಟೆಸ್ಟ್ ಮಾಡಿದರೆ 40 ತೋರಿಸುತ್ತದೆ, ನನ್ನ ಪಾಠ ಮಾತ್ರ ಸುತ್ತುತ್ತಲೇ ಇರುತ್ತದೆ. ಮಕ್ಕಳ ಮನೆಯಲ್ಲೂ ಹಾಗೇ ಅಂತೆ. ಏನಾಗಿದೆ, ನೋಡಿ ಹೇಳಿ.”

“ಅದು ಯೂಟ್ಯೂಬ್ ಕಡೆಯ ತೊಂದರೆ, ಮೇಡಂ” ಎಂದುಬಿಟ್ಟೆ.

ಸ್ಪೀಡ್ ಟೆಸ್ಟ್ ನನ್ನ ಪಟ್ಟಿಯಲ್ಲಿರಲಿಲ್ಲ, ಆದ್ದರಿಂದ ಅದು 40 ತೋರಿಸುತ್ತಿತ್ತು. ಅವರ ಕೈಯಲ್ಲಿದ್ದ ಒಂದೇ ಅಳತೆಗೋಲು ಎಲ್ಲ ಸರಿಯಿದೆ ಎನ್ನುತ್ತಿದ್ದಾಗ ಅವರು ಯಾರ ಮೇಲೆ ದೂರು ಕೊಡಬೇಕು? ನನ್ನ ಸುಳ್ಳನ್ನು ನಂಬದೆ ಇರಲು ಅವರಿಗೆ ದಾರಿಯೇ ಇರಲಿಲ್ಲ. ನಂಬದಿದ್ದರೂ ಹೋಗಲು ಜಾಗ ಇರಲಿಲ್ಲ, ಅವರ ಬೀದಿಯಲ್ಲಿದ್ದದ್ದು ನಮ್ಮ ತಂತಿ ಒಂದೇ.

ಆ ರಾತ್ರಿ ನಮ್ಮ ಪರವಾನಗಿಯ ಕಾಗದಗಳನ್ನು ತೆಗೆದು ಓದಿದೆ. 2018ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ನೆಟ್ ನ್ಯೂಟ್ರಾಲಿಟಿಯನ್ನು, ಅಂದರೆ ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕೆಂಬುದನ್ನು, ಪರವಾನಗಿಯ ಷರತ್ತಾಗಿಯೇ ಸೇರಿಸಿತ್ತು. ಯಾವುದೇ ವಿಷಯವನ್ನು ತಡೆಯುವುದು, ನಿಧಾನಗೊಳಿಸುವುದು, ಕೆಲವಕ್ಕೆ ಆದ್ಯತೆ ಕೊಡುವುದು ಸಲ್ಲದು. ದಟ್ಟಣೆ ನಿರ್ವಹಿಸಬಹುದು, ಆದರೆ ಅದು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ತಾತ್ಕಾಲಿಕವಾಗಿರಬೇಕು, ಪಾರದರ್ಶಕವಾಗಿರಬೇಕು. ಆ್ಯಪ್‌ನವರು ದುಡ್ಡು ತಂದಾಗ ನನಗೆ ತಾರತಮ್ಯ ಕಂಡಿತ್ತು. ದುಡ್ಡಿಲ್ಲದೆ, ಒಳ್ಳೆಯ ಉದ್ದೇಶದ ಹೆಸರಿನಲ್ಲಿ ಬಂದಾಗ ಅದೇ ತಾರತಮ್ಯವನ್ನು ನನ್ನ ಕೈಯಾರೆ ಬರೆದಿದ್ದೆ.

ಪರಿಹಾರ ಕಷ್ಟದ್ದಾಗಿರಲಿಲ್ಲ. ಪಟ್ಟಿ ಅಳಿಸಿ, ಲೈನ್ ತುಂಬಿದಾಗ ಪ್ರತಿ ಮನೆಗೂ ಸಮಪಾಲು ಎಂಬ ಕ್ಯೂ ಹಾಕಿದೆ. ಒಂದೇ ಹೊತ್ತಿಗೆ 400 ಮನೆ ಬಳಸಿದರೂ ತಲಾ ಎರಡೂವರೆ ಎಂಬಿಪಿಎಸ್ ಬರುತ್ತದೆ, ಕಡಿಮೆ ಸ್ಪಷ್ಟತೆಯ (360ಪಿ) ಪಾಠದ ವಿಡಿಯೊ ಓಡಲು ಅದು ಧಾರಾಳ. ಆ ಪಾಲಿನಲ್ಲಿ ಮನೆಯವರು ಏನು ನೋಡುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು, ನನ್ನ ರೌಟರ್ ಅದನ್ನು ಕೇಳುವುದಿಲ್ಲ. ನಾಲ್ಕಾರು ಮನೆಗಳು ರಾತ್ರಿಯಿಡೀ ಡೌನ್‌ಲೋಡ್ ಹಾಕಿ ಲೈನ್ ನುಂಗುತ್ತಿದ್ದದ್ದು ಕೂಡ ಇದರಿಂದಲೇ ಬಯಲಾಯಿತು. ಅಷ್ಟು ದಿನ ಶಿಕ್ಷೆ ಅನುಭವಿಸಿದ್ದು ಪಾಠ ನೋಡುತ್ತಿದ್ದ ಮಕ್ಕಳು.

ಆದರೆ ಸಮಪಾಲು ಹಂಚಿದ ಮಾತ್ರಕ್ಕೆ ರೊಟ್ಟಿ ದೊಡ್ಡದಾಗುವುದಿಲ್ಲ. ಇನ್ನೊಂದು ಗಿಗಾಬಿಟ್ ಕೊಳ್ಳೋಣ ಎಂದು ಎಂಟು ತಿಂಗಳು ಕೇಳಿದೆ. ಪ್ರತಿ ಸಲವೂ “ಮುಂದಿನ ತಿಂಗಳು ನೋಡೋಣ” ಎಂಬ ಉತ್ತರ. ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಬಳಿ ಬೇರೊಂದು ಕಂಪನಿಯ ಹುಡುಗರು ಕಂಬ ಹತ್ತಿ ಕಪ್ಪು ಕೇಬಲ್ ಎಳೆಯುತ್ತಿರುವುದನ್ನು ಯಜಮಾನರು ಕಂಡರು. ಮೂರೇ ವಾರದಲ್ಲಿ ಎರಡನೆಯ ಗಿಗಾಬಿಟ್ ಬಂತು, ಬೇರೆ ಬೇರೆ ಕಂಪನಿಗಳ ಜಾಲಗಳು ಸೇರುವ ಬೆಂಗಳೂರಿನ ಇಂಟರ್ನೆಟ್ ಎಕ್ಸ್‌ಚೇಂಜ್‌ಗೆ ನೇರ ಕೊಂಡಿಯೂ ಬಂತು, ತಿಂಗಳ ಡೇಟಾ ಮಿತಿ ಹೋಯಿತು. ನನ್ನ ಎಂಟು ತಿಂಗಳ ಬೇಡಿಕೆ ಮಾಡದ್ದನ್ನು ಆ ಕೇಬಲ್ ಮಾಡಿತು.

ಪೈಪೋಟಿ ಇದ್ದರೆ ಸಾಕು, ನಿಯಮವೇಕೆ ಎಂದು ವಾದಿಸುವವರಿದ್ದಾರೆ. ಅಮೆರಿಕದಲ್ಲಿ ಈ ಜಗಳ ಮುಗಿದೇ ಇಲ್ಲ: 2015ರಲ್ಲಿ ನಿಯಮ ಬಂತು, 2017ರಲ್ಲಿ ತೆಗೆದರು, 2024ರಲ್ಲಿ ಮರಳಿ ತಂದರು, 2025ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ನನ್ನ ಊರಿನಲ್ಲಿ ಕಂಡದ್ದನ್ನಷ್ಟೇ ಹೇಳುತ್ತೇನೆ. ಗ್ರಾಹಕರು ಬೇರೆ ಕಂಪನಿಗೆ ಹೋಗಬೇಕಾದರೆ ತಪ್ಪು ಯಾರದೆಂದು ಮೊದಲು ಗೊತ್ತಾಗಬೇಕು. ನಾನು ಬರೆದಂಥ ಸಾಲು ರೌಟರ್‌ನಲ್ಲಿ ಅಡಗಿ ಕುಳಿತಿದ್ದರೆ ಎರಡಲ್ಲ, ನಾಲ್ಕು ಕಂಪನಿ ಇದ್ದರೂ ಮೇಡಂ ಯೂಟ್ಯೂಬನ್ನೇ ಬೈಯುತ್ತಿದ್ದರು.

2022ರಲ್ಲಿ ಅವರು ಹೊಸ ಕಂಪನಿಯ ಸಂಪರ್ಕ ತೆಗೆದುಕೊಂಡರು. ನಮ್ಮ ಒಎನ್‌ಯು ಮರಳಿ ತರಲು ನಾನೇ ಹೋದೆ. ಗೋಡೆಯ ಮೊಳೆಯಿಂದ ಪೆಟ್ಟಿಗೆ ಬಿಚ್ಚುತ್ತಾ, ಆ ದಿನ ತೊಂದರೆ ಯೂಟ್ಯೂಬ್‌ನದ್ದಲ್ಲ, ನಾನೇ ವಿಡಿಯೊ ನಿಧಾನ ಮಾಡಿದ್ದೆ ಎಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತೇ ಹೇಳಿದ್ದರೆ ಮಕ್ಕಳಿಗೆ ಲೆಕ್ಕಗಳ ಫೋಟೊ ತೆಗೆದು, ಧ್ವನಿ ಮಾತ್ರ ಕಳಿಸುತ್ತಿದ್ದೆನಲ್ಲಪ್ಪ” ಎಂದರು.

ಈಗ ನಮ್ಮಲ್ಲಿ ರೌಟರ್‌ಗೆ ಯಾವ ಮಿತಿ ಬರೆದರೂ ಯಾರು ಬರೆದರು, ಏಕೆ, ಯಾವ ದಿನದವರೆಗೆ ಎಂದು ಅದರ ಪಕ್ಕದಲ್ಲೇ ನಮೂದಿಸುತ್ತೇವೆ. ಅದೇ ಸಾಲನ್ನು ಕನ್ನಡದಲ್ಲಿ ಬರೆದು ಬಿಲ್ ಕಟ್ಟುವ ಕಿಟಕಿಗೂ ಅಂಟಿಸುತ್ತೇವೆ.